ಪಾರಿವಾಳದ ಹಿಕ್ಕೆ ಮತ್ತು ಬೂಜಿನ ಧೂಳು



ಹಬ್ಬ ಹತ್ತಿರ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಮನೆ ಚೊಕ್ಕಟ ಮಾಡುವ ಕೆಲಸ ಮೊದಲಾಗುತ್ತದೆ. ಅಟ್ಟದ ಸಾಮಾನು ಕೆಳಗಿಳಿಯುತ್ತದೆ. ಗೋಡೆಗೆ ಸುಣ್ಣ ಬೀಳುತ್ತದೆ. ಆಗ ತೊಲೆಯ ಸಂದಿನಲ್ಲಿ, ಸೂರಿನ ಕೆಳಗೆ, ದನದ ಕೊಟ್ಟಿಗೆಯ ಮೇಲಟ್ಟದಲ್ಲಿ ವರ್ಷಾನುಗಟ್ಟಲೆ ಬಿದ್ದು ಒಣಗಿದ ಪಾರಿವಾಳದ ಹಿಕ್ಕೆ ಕಣ್ಣಿಗೆ ಬೀಳುತ್ತದೆ. ಮನೆಯ ಯಾರಾದರೊಬ್ಬರ ಕೈಗೆ ಪೊರಕೆ ಕೊಟ್ಟು, "ಹತ್ತಿ ಗುಡಿಸಿಬಿಡು" ಅನ್ನುತ್ತೇವೆ. ಹತ್ತಿದವರು ಗುಡಿಸುತ್ತಾರೆ, ಧೂಳು ಮೋಡದ ಹಾಗೆ ಏಳುತ್ತದೆ, ನಾಲ್ಕು ಸಲ ಕೆಮ್ಮುತ್ತಾರೆ, ಕೆಲಸ ಮುಗಿಯುತ್ತದೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದರೆ ಕೆಲವು ಸಲ ಕೆಲವರಿಗೆ ಆ ಧೂಳಿನಿಂದ ಎದೆಗೂ ಮಿದುಳಿಗೂ ದೊಡ್ಡ ರೋಗ ಬರುವುದುಂಟು. ಹಿಕ್ಕೆಯಲ್ಲಿ ಬೆಳೆಯುವ ಬೂಜು ಇದಕ್ಕೆ ಕಾರಣ. ಹಕ್ಕಿಗೂ ಬೂಜಿಗೂ ಇರುವ ನಂಟು ಎಂಥದು, ಅದರಿಂದ ಯಾರಿಗೆ ಅಪಾಯ, ಅಟ್ಟವನ್ನು ಹೇಗೆ ಶುಚಿ ಮಾಡಿದರೆ ಕ್ಷೇಮ ಎಂಬ ವಿಷಯಗಳನ್ನು ಇಂದು ತಿಳಿಸುತ್ತೇವೆ.

ಬೂಜು ಎಂದರೇನು?

ಬೂಜು ನಮಗೆ ಹೊಸದಲ್ಲ. ಮಳೆಗಾಲದಲ್ಲಿ ಚಪ್ಪಲಿಯ ಮೇಲೆ ಕಟ್ಟುವ ಬಿಳಿಯ ಬೂಷ್ಟು, ಹಳಸಿದ ರೊಟ್ಟಿಯ ಮೇಲಿನ ಹಸಿರು ಬೂಷ್ಟು, ಜೋಳದ ತೆನೆಯ ಕಾಡಿಗೆ, ಹಿತ್ತಿಲಿನಲ್ಲಿ ಏಳುವ ಅಣಬೆ, ಇವೆಲ್ಲ ಒಂದೇ ಕುಲದವು. ಪುಸ್ತಕದ ಮಾತಿನಲ್ಲಿ ಇವನ್ನು ಶಿಲೀಂಧ್ರ ಎನ್ನುತ್ತಾರೆ. ಇಡ್ಲಿ ಹಿಟ್ಟು ಉಬ್ಬುವುದರಲ್ಲಿ ಕೈಹಾಕುವ ಹುದುಗು ಜೀವಿಗಳಲ್ಲಿಯೂ ಈ ಕುಲದವು ಉಂಟು. ಗಿಡಕ್ಕೆ ಬೀಜ ಇದ್ದ ಹಾಗೆ ಬೂಜಿಗೆ ಬೀಜಕಣಗಳು ಉಂಟು. ಅವು ಬರಿಗಣ್ಣಿಗೆ ಕಾಣುವುದಿಲ್ಲ. ಗಾಳಿಯಲ್ಲಿ, ಮಣ್ಣಿನಲ್ಲಿ, ನೀರಿನಲ್ಲಿ ಎಲ್ಲೆಲ್ಲಿಯೂ ಇವೆ. ನಾವು ಉಸಿರಾಡುವಾಗ ದಿನವೂ ಅವು ಒಳಗೆ ಹೋಗುತ್ತಲೇ ಇರುತ್ತವೆ.

ಹಾಗಿದ್ದರೂ ನಮಗೆಲ್ಲ ಯಾಕೆ ರೋಗ ಬರುವುದಿಲ್ಲ? ಎರಡು ಕಾರಣ. ಒಂದು, ನಮ್ಮ ಮೈಯ ಬಿಸಿ. ಮನುಷ್ಯನ ಮೈಯ ಶಾಖ ೩೭ ಡಿಗ್ರಿ ಸೆಂಟಿಗ್ರೇಡ್. ಬಹುಪಾಲು ಬೂಜುಗಳಿಗೆ ಇಷ್ಟು ಬಿಸಿ ತಡೆಯದು. ಎರಡು, ನಮ್ಮ ರಕ್ತದಲ್ಲಿರುವ ಕಾವಲು ಕಣಗಳು. ಒಳಗೆ ಬಂದ ಬೂಜನ್ನು ಅವು ನುಂಗಿ ಹಾಕುತ್ತವೆ. ಈ ಎರಡು ಬೇಲಿಯನ್ನೂ ದಾಟಬಲ್ಲ ಬೂಜುಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಎರಡಕ್ಕೆ ಹಕ್ಕಿಯ ಹಿಕ್ಕೆ ಎಂದರೆ ಬಲು ಪ್ರೀತಿ.

ಹಕ್ಕಿ ಬೂಜನ್ನು ಹೇಗೆ ಸಾಗಿಸುತ್ತದೆ?

ಹಕ್ಕಿಯು ಮೂರು ಬಗೆಯಲ್ಲಿ ಬೂಜನ್ನು ಹರಡುತ್ತದೆ. ಮೊದಲನೆಯದು ಮೈಮೇಲೆ. ಕಾಲು, ಕೊಕ್ಕು, ಪುಕ್ಕಗಳಿಗೆ ಬೀಜಕಣ ಅಂಟಿಕೊಂಡು ಹಕ್ಕಿ ಹಾರಿದಲ್ಲಿಗೆ ಹೋಗುತ್ತದೆ. ಎರಡನೆಯದು ಹೊಟ್ಟೆಯಲ್ಲಿ. ತಿಂದ ಕಾಳಿನೊಡನೆ ಒಳಹೊಕ್ಕ ಬೂಜು ಸಾಯದೆ ಹಿಕ್ಕೆಯಲ್ಲಿ ಹೊರಬರುವುದುಂಟು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಹಕ್ಕಿಯು ಬೂಜಿಗೆ ಗೊಬ್ಬರ ಹಾಕುತ್ತದೆ. ಒಂದೇ ಜಾಗದಲ್ಲಿ ದಿನವೂ ಕುಳಿತು ಹಿಕ್ಕೆ ಹಾಕಿದರೆ ಆ ಜಾಗ ಬೂಜಿನ ಪಾಲಿಗೆ ಹದ ಮಾಡಿದ ಸಸಿಮಡಿ ಆಗುತ್ತದೆ. ಬೀಜಕಣ ಗಾಳಿಯಲ್ಲೇ ಬಂದಿರಲಿ, ಮಣ್ಣಿನಲ್ಲೇ ಇರಲಿ, ಆ ಮಡಿಯಲ್ಲಿ ಬಿದ್ದದ್ದು ಕೋಟಿಗಟ್ಟಲೆ ಆಗಿ ಬೆಳೆಯುತ್ತದೆ.

ಮೈಮೇಲೆ ಸಾಗಿಸುವುದಕ್ಕೆ ಒಂದು ನಿಜವಾದ ಉದಾಹರಣೆ ಕೇಳಿ. ಅಮೆರಿಕ ದೇಶದಲ್ಲಿ ಚೆಸ್ಟ್‌ನಟ್ ಎಂಬ ದೊಡ್ಡ ಮರ ಕಾಡು ತುಂಬ ಇತ್ತು. ೧೯೦೪ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆ ಮರದ ತೊಗಟೆಗೆ ಒಂದು ಬೂಜು ರೋಗ ಕಾಣಿಸಿತು. ಮುಂದೆ ಐವತ್ತು ವರ್ಷದೊಳಗೆ ನೂರಾರು ಕೋಟಿ ಮರಗಳು ಸತ್ತವು. ರೋಗ ಇಷ್ಟು ಬೇಗ ಹೇಗೆ ಹಬ್ಬುತ್ತಿದೆ ಎಂದು ನೋಡಲು ಹೀಲ್ಡ್ ಮತ್ತು ಸ್ಟಡ್‌ಹಾಲ್ಟರ್ ಎಂಬ ಇಬ್ಬರು ಸಸ್ಯರೋಗ ತಜ್ಞರು ರೋಗದ ಮರಗಳ ಮೇಲೆ ಓಡಾಡುವ ಹಕ್ಕಿಗಳ ಮೈ ತೊಳೆದು, ಆ ನೀರಿನಲ್ಲಿದ್ದ ಬೀಜಕಣಗಳನ್ನು ಎಣಿಸಿದರು. ಒಂದು ಸಣ್ಣ ಮರಕುಟಿಗದ ಮೈಮೇಲೆ ಏಳೂವರೆ ಲಕ್ಷಕ್ಕೂ ಮಿಕ್ಕಿದ ಕಣಗಳಿದ್ದವು! ೧೯೧೪ರಲ್ಲಿ ಅವರು ಇದನ್ನು ಪ್ರಕಟಿಸಿದರು. ಗಾಳಿ ಮತ್ತು ಮಳೆ ಕೂಡ ಆ ರೋಗವನ್ನು ಹರಡಿದವು, ನಿಜ. ಆದರೆ ಹಕ್ಕಿಯೂ ಒಂದು ಸಾಗಾಣಿಕೆ ಬಂಡಿ ಎಂಬುದು ಇದರಿಂದ ಗೊತ್ತಾಯಿತು. ಅದು ಮರದ ರೋಗ, ಮನುಷ್ಯನಿಗೆ ಬರುವುದಲ್ಲ. ಇನ್ನು ಮನುಷ್ಯನಿಗೆ ಬರುವ ಎರಡು ಬೂಜುಗಳ ಮಾತಿಗೆ ಬರೋಣ.

ಪಾರಿವಾಳದ ಹಿಕ್ಕೆಯ ಬೂಜು

ಮೊದಲನೆಯದರ ಹೆಸರು ಕ್ರಿಪ್ಟೊಕಾಕಸ್. ಹೆಸರು ಉದ್ದವಾಯಿತು ಅಂತ ಹೆದರಬೇಡಿ. ಗ್ರೀಕ್ ಭಾಷೆಯಲ್ಲಿ ಇದಕ್ಕೆ "ಮರೆಯಾಗಿರುವ ಕಾಳು" ಎಂದು ಅರ್ಥ. ೧೮೯೪ರಲ್ಲಿ ಜರ್ಮನಿಯ ವೈದ್ಯರು ರೋಗಿಯೊಬ್ಬರ ಮೈಯಲ್ಲಿ ಇದನ್ನು ಕಂಡರು. ಅದೇ ವರ್ಷ ಇಟಲಿಯಲ್ಲಿ ಹಣ್ಣಿನ ರಸದಲ್ಲಿಯೂ ಇದು ಸಿಕ್ಕಿತು. ಆದರೆ ಹೊರಗೆ ಇದು ಹೇರಳವಾಗಿ ಬೆಳೆಯುವುದು ಎಲ್ಲಿ ಎಂಬುದು ಬಹುಕಾಲ ತಿಳಿದಿರಲಿಲ್ಲ. ೧೯೫೫ರಲ್ಲಿ ಅಮೆರಿಕದ ಚೆಸ್ಟರ್ ಎಮನ್ಸ್ ಎಂಬ ವಿಜ್ಞಾನಿ ಹಳೆಯ ಕಟ್ಟಡಗಳಲ್ಲಿದ್ದ ಪಾರಿವಾಳದ ಗೂಡು ಮತ್ತು ಹಿಕ್ಕೆಗಳನ್ನು ಪರೀಕ್ಷಿಸಿ, ಅಲ್ಲಿ ಇದು ಧಾರಾಳವಾಗಿ ಇರುವುದನ್ನು ತೋರಿಸಿಕೊಟ್ಟರು. ಆಮೇಲೆ ನಮ್ಮ ದೇಶವೂ ಸೇರಿ ಹಲವು ದೇಶಗಳಲ್ಲಿ ಪಾರಿವಾಳದ ಹಿಕ್ಕೆಯಲ್ಲಿ ಇದು ದೊರೆತಿದೆ.

ಹಿಕ್ಕೆಯೇ ಯಾಕೆ? ಹಕ್ಕಿಗೆ ಬೇರೆ ಮೂತ್ರವಿಲ್ಲ. ಎಲ್ಲವೂ ಹಿಕ್ಕೆಯಲ್ಲಿಯೇ ಹೋಗುತ್ತದೆ. ಆದುದರಿಂದ ಅದರಲ್ಲಿ ಸಾರಜನಕ ಹೆಚ್ಚು. ಹಿಕ್ಕೆಯಲ್ಲಿರುವ ಕ್ರಿಯಾಟಿನಿನ್ ಎಂಬ ವಸ್ತುವನ್ನು ಉಣ್ಣುವ ಶಕ್ತಿ ಈ ಬೂಜಿಗೆ ಉಂಟು. ಯೂರಿಯಾ ಹಾಕಿದ ಗದ್ದೆಯಲ್ಲಿ ಪೈರು ಕಡುಹಸಿರಾಗಿ ಬರುವಂತೆ, ಹಿಕ್ಕೆಯ ಗುಡ್ಡೆಯಲ್ಲಿ ಇದು ಹುಲುಸಾಗಿ ಬೆಳೆಯುತ್ತದೆ.

ಹಾಗಾದರೆ ಪಾರಿವಾಳಕ್ಕೆ ರೋಗ ಬರುವುದಿಲ್ಲವೇ ಎಂದು ಕೇಳುತ್ತೀರಿ. ಸಾಧಾರಣವಾಗಿ ಬರುವುದಿಲ್ಲ. ಪಾರಿವಾಳದ ಮೈಯ ಶಾಖ ೪೧ರಿಂದ ೪೨ ಡಿಗ್ರಿ. ಅಷ್ಟು ಬಿಸಿಯಲ್ಲಿ ಈ ಬೂಜು ಹೆಚ್ಚಲಾರದು. ಹಕ್ಕಿಯ ಕಾಲು, ಕೊಕ್ಕು, ಕರುಳಿನಲ್ಲಿ ಕುಳಿತು ಪ್ರಯಾಣ ಮಾಡುತ್ತದೆ, ಅಷ್ಟೇ. ಹೀಗೆ ಹಕ್ಕಿ ಗಟ್ಟಿಮುಟ್ಟಾಗಿಯೇ ಇರುತ್ತದೆ, ಬೂಜು ಊರೂರು ಸುತ್ತುತ್ತದೆ.

ಇಲ್ಲಿ ಒಂದು ಮಾತನ್ನು ಗಮನವಿಟ್ಟು ಕೇಳಬೇಕು. ಆಗತಾನೆ ಬಿದ್ದ ಹಸಿ ಹಿಕ್ಕೆಯಲ್ಲಿ ಈ ಬೂಜು ಕಡಮೆ. ಬಯಲಿನಲ್ಲಿ ಬಿಸಿಲು ಬಿದ್ದ ಕಡೆ ಇನ್ನೂ ಕಡಮೆ, ಯಾಕೆಂದರೆ ಬಿಸಿಲು ಇದನ್ನು ಕೊಲ್ಲುತ್ತದೆ. ನೆಲದ ಮಣ್ಣಿನೊಡನೆ ಬೆರೆತರೆ ಅಲ್ಲಿರುವ ಅಮೀಬಾ ಮೊದಲಾದ ಸೂಕ್ಷ್ಮ ಜೀವಿಗಳು ಇದನ್ನು ತಿಂದುಹಾಕುತ್ತವೆ. ಇದು ಹೆಚ್ಚಾಗಿ ಉಳಿಯುವುದು ಬಿಸಿಲೂ ಮಳೆಯೂ ತಾಗದ, ನೆಲಕ್ಕೆ ಸೋಕದ, ಒಣಗಿದ ಹಳೆಯ ಹಿಕ್ಕೆಯಲ್ಲಿ. ಅಟ್ಟ, ಗೋಪುರದ ಒಳಮೈ, ಪಾಳುಮನೆ, ಹಳೆಯ ಉಗ್ರಾಣ, ನೀರಿನ ತೊಟ್ಟಿಯ ಮೇಲುಗೂಡು, ಇಂಥವು ಇದರ ನೆಲೆ. ಇಂಥ ಕಡೆ ಇದು ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಒಣಗಿದಷ್ಟೂ ಇದರ ಕಣ ಕುಗ್ಗಿ ಸಣ್ಣದಾಗುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲಿನಷ್ಟು. ಇಷ್ಟು ಸಣ್ಣ ಕಣ ಮೂಗಿನ ಕೂದಲಿಗೂ ಗಂಟಲ ಲೋಳೆಗೂ ಸಿಕ್ಕದೆ ನೇರವಾಗಿ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಆದುದರಿಂದಲೇ ಒಣಹಿಕ್ಕೆಯನ್ನು ಪೊರಕೆಯಿಂದ ಗುಡಿಸುವುದು ಅಪಾಯ.

ಮರದ ಪೊಟರೆಯಲ್ಲಿಯೂ ಈ ಬೂಜು ಇರುವುದುಂಟು. ದಿಲ್ಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ವಿಜ್ಞಾನಿಗಳು ನೇರಳೆ ಮುಂತಾದ ಮರಗಳ ಪೊಟರೆಯೊಳಗಿನ ಕೊಳೆತ ಮರದಲ್ಲಿ ಇದನ್ನು ಕಂಡಿದ್ದಾರೆ. ಆದ್ದರಿಂದ ಎಲ್ಲ ತಪ್ಪನ್ನೂ ಪಾರಿವಾಳದ ತಲೆಗೆ ಕಟ್ಟುವಂತಿಲ್ಲ.

ಮಣ್ಣಿಗೆ ಬೆರೆತ ಹಿಕ್ಕೆಯ ಬೂಜು

ಎರಡನೆಯದರ ಹೆಸರು ಹಿಸ್ಟೊಪ್ಲಾಸ್ಮ. ಇದರ ಗುಣ ಮೊದಲನೆಯದಕ್ಕಿಂತ ಬೇರೆ. ಅದಕ್ಕೆ ಒಣ ಅಟ್ಟ ಬೇಕು, ಇದಕ್ಕೆ ತೇವದ ಮಣ್ಣು ಬೇಕು. ಹಕ್ಕಿಗಳು ವರ್ಷವರ್ಷವೂ ತಂಗುವ ಮರದ ಬುಡ, ಹಳೆಯ ಕೋಳಿಗೂಡಿನ ನೆಲ, ಬಾವಲಿ ತುಂಬಿದ ಗವಿ, ಇಂಥ ಕಡೆ ಹಿಕ್ಕೆ ಮಣ್ಣಿಗೆ ಬೆರೆತು ಕಳಿತ ಮೇಲೆ ಇದು ಬೆಳೆಯುತ್ತದೆ. ಹಕ್ಕಿಯ ಮೈ ಬಿಸಿಯಾದ್ದರಿಂದ ಹಕ್ಕಿಗೆ ಇದು ಹತ್ತುವುದಿಲ್ಲ. ಬಾವಲಿ ಹಕ್ಕಿಯಲ್ಲ, ಮೊಲೆಯುಣಿಸುವ ಪ್ರಾಣಿ. ಅದಕ್ಕೆ ಹತ್ತುತ್ತದೆ, ಅದರ ಹಿಕ್ಕೆಯಲ್ಲಿ ಬೂಜು ನೇರವಾಗಿಯೇ ಹೊರಬರುತ್ತದೆ.

ಪನಾಮಾ ದೇಶದಲ್ಲಿ ಸ್ಯಾಮ್ಯುಯೆಲ್ ಡಾರ್ಲಿಂಗ್ ಎಂಬ ವೈದ್ಯರು ೧೯೦೫ರಲ್ಲಿ ಈ ರೋಗವನ್ನು ಮೊದಲು ಗುರುತಿಸಿದರು. ಮಣ್ಣಿನಿಂದ ಇದನ್ನು ೧೯೪೯ರಲ್ಲಿ ಬೇರ್ಪಡಿಸಿ ತೋರಿಸಿದವರು ಆಗಲೇ ಹೇಳಿದ ಎಮನ್ಸ್ ಅವರೇ. ನಮ್ಮ ದೇಶದಲ್ಲಿ ೧೯೫೪ರಲ್ಲಿ ಕಲ್ಕತ್ತೆಯಿಂದ ಈ ರೋಗದ ವರದಿ ಬಂತು. ಇಂದಿಗೂ ಗಂಗಾ ನದಿಯ ಬಯಲಿನಲ್ಲಿ, ಅದರಲ್ಲೂ ಬಂಗಾಳದ ಕಡೆ ಇದು ಹೆಚ್ಚು. ನಮ್ಮ ಕಡೆ ಅಪರೂಪ.

ಆದರೂ ಬೇರೆ ದೇಶದಲ್ಲಿ ಆದ ಎರಡು ಸಂಗತಿಗಳಿಂದ ನಾವು ಪಾಠ ಕಲಿಯಬಹುದು. ಅಮೆರಿಕದ ಅಯೋವಾ ರಾಜ್ಯದಲ್ಲಿ ಮೇಸನ್ ಸಿಟಿ ಎಂಬ ಊರಿದೆ. ಅಲ್ಲಿ ಒಂದು ಮರಗಳ ತೋಪಿನಲ್ಲಿ ಸ್ಟಾರ್ಲಿಂಗ್ ಹಕ್ಕಿಗಳು ಬಹುಕಾಲದಿಂದ ತಂಗುತ್ತಿದ್ದವು. ಸ್ಟಾರ್ಲಿಂಗ್ ನಮ್ಮ ಗೊರವಂಕದ ದಾಯಾದಿ. ೧೯೬೨ರಲ್ಲಿ ಆ ಜಾಗವನ್ನು ಶುಚಿಮಾಡಲು ಹೊರಟಾಗ ಧೂಳೆದ್ದು ಊರಿನ ಹಲವರಿಗೆ ಜ್ವರ, ಕೆಮ್ಮು ಹಿಡಿಯಿತು. ೧೯೬೪ರಲ್ಲಿ ಅದೇ ಜಾಗದಲ್ಲಿ ಮತ್ತೆ ಕೆಲಸ ಮಾಡಿದರು, ಮತ್ತೆ ರೋಗ ಹಬ್ಬಿತು. ಹಕ್ಕಿಗಳು ಇದ್ದಷ್ಟು ದಿನ ಊರಿಗೆ ಇಂಥ ರೋಗ ಹಬ್ಬಿರಲಿಲ್ಲ. ಮಣ್ಣನ್ನು ಕೆದಕಿದಾಗಲೇ ರೋಗ ಎದ್ದದ್ದು.

ಇನ್ನೊಂದು ಸಂಗತಿ ಒಹಾಯೊ ರಾಜ್ಯದ ಡೆಲವೇರ್ ಎಂಬ ಊರಿನ ಶಾಲೆಯದು. ೧೯೭೦ರ ಏಪ್ರಿಲ್ ೨೨ರಂದು, ಭೂಮಿಯ ದಿನ ಎಂದು, ಮಕ್ಕಳು ಉತ್ಸಾಹದಿಂದ ಶಾಲೆಯ ಒಳಂಗಳವನ್ನು ಕೆರೆದು ಗುಡಿಸಿದರು. ಅಲ್ಲಿ ಹಿಂದೆ ಹಕ್ಕಿಗಳು ತಂಗುತ್ತಿದ್ದವು. ಎದ್ದ ಧೂಳನ್ನು ಶಾಲೆಯ ಗಾಳಿಯಂತ್ರ ಒಳಗೆಳೆದು ಎಲ್ಲ ಕೋಣೆಗಳಿಗೂ ಹರಡಿತು. ೩೮೪ ಜನ ಕಾಯಿಲೆ ಬಿದ್ದರು. ಪೊರಕೆ ಮುಟ್ಟದೆ ಪಾಠದ ಕೋಣೆಯಲ್ಲಿ ಕುಳಿತಿದ್ದವರಿಗೂ ಬಂತು. ಒಳ್ಳೆಯ ಕೆಲಸವನ್ನು ತಿಳಿಯದೆ ಮಾಡಿದರೆ ಹೀಗಾಗುತ್ತದೆ ನೋಡಿ. ಶ್ರಮದಾನದ ಹೆಸರಿನಲ್ಲಿ ಪಾಳು ಕಟ್ಟಡದ ಹಿಕ್ಕೆಯನ್ನು ಶಾಲೆಯ ಮಕ್ಕಳಿಂದ ಗುಡಿಸಿಸುವುದು ಕೂಡದು.

ರೋಗದ ಗುರುತು

ಈ ಬೂಜು ಉಸಿರಿನಲ್ಲಿ ಒಳಹೋದ ಎಲ್ಲರಿಗೂ ರೋಗ ಬರುವುದಿಲ್ಲ. ಮೈಯಲ್ಲಿ ಬಲವಿದ್ದವರಲ್ಲಿ ಬಹುಮಂದಿಗೆ ಗೊತ್ತೇ ಆಗದೆ ಹೋಗುತ್ತದೆ. ಕೆಲವರಲ್ಲಿ ಬೂಜು ಸಾಯದೆ ಒಳಗೇ ಅಡಗಿ ಕುಳಿತು, ಮೈ ಸೊರಗಿದ ಕಾಲದಲ್ಲಿ ತಲೆಯೆತ್ತುತ್ತದೆ.

ಹೆಚ್ಚಿನ ಅಪಾಯ ಇರುವವರು ಯಾರೆಂದರೆ: ಎಚ್.ಐ.ವಿ. ಸೋಂಕಿದ್ದು ಮೈಯ ಕಾವಲು ಕುಗ್ಗಿದವರು. ಮೂತ್ರಪಿಂಡ ಮುಂತಾದ ಅಂಗದ ಕಸಿ ಮಾಡಿಸಿಕೊಂಡವರು. ಕ್ಯಾನ್ಸರಿಗೆ ಔಷಧಿ ಪಡೆಯುತ್ತಿರುವವರು. ಉಬ್ಬಸಕ್ಕೋ ಕೀಲುನೋವಿಗೋ ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಉಳ್ಳವರು, ತೀರ ಮುದುಕರು, ಎಳೆಯ ಮಕ್ಕಳು ಕೂಡ ಎಚ್ಚರದಲ್ಲಿರುವುದು ಲೇಸು. ಇಂಥವರು ಹಿಕ್ಕೆ ತೆಗೆಯುವ ಕೆಲಸಕ್ಕೆ ಕೈಹಾಕಬಾರದು. ಕೆಲಸ ನಡೆಯುವ ಹೊತ್ತಿನಲ್ಲಿ ಆ ಮನೆಯಲ್ಲಿಯೂ ಇರಬಾರದು.

ಹಿಸ್ಟೊಪ್ಲಾಸ್ಮ ಆದರೆ ಧೂಳು ಕುಡಿದ ಮೂರು ದಿನದಿಂದ ಹದಿನೇಳು ದಿನದೊಳಗೆ ಜ್ವರ, ಒಣಕೆಮ್ಮು, ಎದೆನೋವು, ಸುಸ್ತು ಕಾಣಿಸುತ್ತವೆ. ಹೆಚ್ಚು ಜನರಲ್ಲಿ ತಾನಾಗಿ ವಾಸಿಯಾಗುತ್ತದೆ. ಕ್ರಿಪ್ಟೊಕಾಕಸ್ ಹಾಗಲ್ಲ. ಎದೆಯಿಂದ ರಕ್ತಕ್ಕೆ ಇಳಿದು ಮಿದುಳಿನ ಪೊರೆಗೆ ಸೇರಿದರೆ ಅದೇ ಮಿದುಳುಪೊರೆಯ ಜ್ವರ. ಅದರ ಗುರುತುಗಳನ್ನು ಮನೆಯವರೆಲ್ಲ ತಿಳಿದಿರಬೇಕು. ದಿನೇ ದಿನೇ ಏರುವ, ವಾರಗಟ್ಟಲೆ ಬಿಡದ ತಲೆನೋವು, ಜ್ವರ, ವಾಂತಿ, ಕತ್ತು ಬಗ್ಗಿಸಲು ನೋವು, ಬೆಳಕು ನೋಡಲಾಗದಿರುವುದು, ಕಣ್ಣು ಮಂಜಾಗುವುದು, ಮಾತು ತಡವರಿಸಿ ಮರುಳಾದಂತೆ ಆಡುವುದು. ಇದನ್ನು ಗಾಳಿ ಸೋಕಿದ್ದು ಅಂತ ತಾಯಿತ ಕಟ್ಟಿಸಿಕೊಂಡು ಕೂರಬೇಡಿ. ತಲೆನೋವಿನ ಗುಳಿಗೆ ನುಂಗಿ ದಿನ ತಳ್ಳಬೇಡಿ. ತಡವಾದಷ್ಟೂ ಪ್ರಾಣಕ್ಕೆ ಕುತ್ತು, ಕಣ್ಣಿಗೂ ಕುತ್ತು.

ಜಿಲ್ಲಾ ಆಸ್ಪತ್ರೆಗೆ ಹೋದಾಗ, "ಪಾರಿವಾಳದ ಹಿಕ್ಕೆ ತೆಗೆದಿದ್ದೆ" ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ. ಕ್ಷಯದಿಂದ ಬರುವ ಮಿದುಳುಪೊರೆಯ ಜ್ವರಕ್ಕೂ ಇದೇ ಗುರುತುಗಳಿರುತ್ತವೆ. ಎರಡಕ್ಕೂ ಔಷಧಿ ಬೇರೆ ಬೇರೆ. ಆದುದರಿಂದ ನಿಮ್ಮ ಆ ಒಂದು ಮಾತಿನಿಂದ ವೈದ್ಯರಿಗೆ ದಾರಿ ಸಿಕ್ಕೀತು. ಅವರು ಬೆನ್ನುಮೂಳೆಯ ಸಂದಿನಿಂದ ಸ್ವಲ್ಪ ನೀರು ತೆಗೆದು ಪರೀಕ್ಷಿಸುತ್ತಾರೆ. "ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ" ಎಂದು ಕೆಲವರು ಹೆದರಿಸುತ್ತಾರೆ. ಅದನ್ನು ನಂಬಬೇಡಿ. ಆ ನೀರಿಗೆ ಇಂಡಿಯಾ ಶಾಯಿ ಎಂಬ ಕಪ್ಪು ಮಸಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕತ್ತಲಲ್ಲಿ ಚಂದ್ರನಿಗೆ ಕಣ ಕಟ್ಟಿದ ಹಾಗೆ ಬೂಜಿನ ಸುತ್ತಿನ ಕವಚ ಬೆಳ್ಳಗೆ ಕಾಣುತ್ತದೆ. ಇದಲ್ಲದೆ ಬೇಗ ತಿಳಿಸುವ ರಕ್ತಪರೀಕ್ಷೆಯೂ ಈಗ ಇದೆ. ಆಂಫೊಟೆರಿಸಿನ್, ಫ್ಲೂಸೈಟೊಸಿನ್, ಫ್ಲುಕೊನಜೋಲ್ ಎಂಬ ಔಷಧಿಗಳಿವೆ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ, ನಡುವೆ ನಿಲ್ಲಿಸಕೂಡದು.

ಈ ಕ್ರಿಪ್ಟೊಕಾಕಸ್ಸನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಬೂಜು ರೋಗಗಳ ಪಟ್ಟಿ ಮಾಡಿದಾಗ ಅತಿ ಮುಖ್ಯವಾದವುಗಳ ಸಾಲಿನಲ್ಲಿ ಇಟ್ಟಿದೆ. ಇನ್ನೊಂದು ಸಮಾಧಾನದ ಮಾತು: ಈ ಎರಡು ರೋಗಗಳೂ ಕೆಮ್ಮಿನಿಂದಾಗಲಿ, ಮುಟ್ಟುವುದರಿಂದಾಗಲಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಗಿಯನ್ನು ದೂರ ಇಡಬೇಕಾದ್ದಿಲ್ಲ. ಹತ್ತಿರ ಕುಳಿತು ಆರೈಕೆ ಮಾಡಿ.

ಅಟ್ಟ ಶುಚಿ ಮಾಡುವ ಕ್ರಮ

ಇನ್ನು ಕೆಲಸದ ಮಾತು. ಸೂತ್ರ ಒಂದೇ: ಒಣಗುಡಿಸಬೇಡಿ, ನೆನೆಸಿ ತೆಗೆಯಿರಿ. ಒದ್ದೆಯಾದ ಹಿಕ್ಕೆ ಹಾರುವುದಿಲ್ಲ. ಹಾರದಿದ್ದರೆ ಎದೆಗೆ ಇಳಿಯುವುದಿಲ್ಲ.

ಮೊದಲು ಮಕ್ಕಳು, ಮುದುಕರು, ಕಾಯಿಲೆಯವರನ್ನು ಬೇರೆ ಮನೆಗೆ ಕಳಿಸಿ. ಕಾಳು ಕಡ್ಡಿ, ನೀರಿನ ಕೊಡ, ಅಡಿಗೆ ಪಾತ್ರೆಗಳನ್ನು ಹೊರಗಿಡಿ ಅಥವಾ ಭದ್ರವಾಗಿ ಮುಚ್ಚಿ. ಕಿಟಕಿ ತೆರೆಯಿರಿ. ಫ್ಯಾನು ಹಾಕಬೇಡಿ. ಅಟ್ಟದಲ್ಲಿ ವಿದ್ಯುತ್ ತಂತಿ ಇದ್ದರೆ ಮೇನ್ ಸ್ವಿಚ್ಚು ತೆಗೆದುಬಿಡಿ, ಏಕೆಂದರೆ ನೀರಿನ ಕೆಲಸ.

ಕೆಲಸ ಮಾಡುವವರು ತುಂಬುತೋಳಿನ ಹಳೆಯ ಅಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿ, ಕೈಗೆ ರಬ್ಬರ್ ಚೀಲ ಹಾಕಿಕೊಳ್ಳಬೇಕು. ಮೂಗು ಬಾಯಿಗೆ ಎನ್-೯೫ ಎಂಬ ಮುಖಗವಸು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದು ಮುಖಕ್ಕೆ ಸಂದಿಲ್ಲದಂತೆ ಕೂರಬೇಕು. ಗಡ್ಡವಿದ್ದರೆ ಸರಿಯಾಗಿ ಕೂರದು. ಟವಲು ಕಟ್ಟಿಕೊಂಡರೆ ಸಾಲದೇ ಅಂತೀರಾ? ಸಾಲದು. ಇಷ್ಟು ಸಣ್ಣ ಕಣ ಟವಲಿನ ನೇಯ್ಗೆಯಲ್ಲಿ ಸಲೀಸಾಗಿ ನುಸುಳುತ್ತದೆ.

ಆಮೇಲೆ ಬಕೀಟು ನೀರಿಗೆ ಒಂದು ಹಿಡಿ ಸೋಪಿನ ಪುಡಿ ಕಲಸಿ. ಸೋಪು ಬೆರೆತ ನೀರು ಹಿಕ್ಕೆಯ ಒಳಕ್ಕೆ ಬೇಗ ಇಳಿಯುತ್ತದೆ. ಗಿಡಕ್ಕೆ ನೀರು ಹನಿಸುವ ಜರಡಿ ಡಬ್ಬದಿಂದ ಮೆಲ್ಲನೆ ಚಿಮುಕಿಸಿ. ಜೋರಾಗಿ ಎರಚಿದರೆ ಧೂಳೇ ಏಳುತ್ತದೆ. ಬೆಳೆಗೆ ಕೀಟನಾಶಕ ಹೊಡೆಯುವ ಪಂಪನ್ನು ಇದಕ್ಕೆ ಉಪಯೋಗಿಸಬಾರದು. ಅರ್ಧ ಗಂಟೆ ಬಿಟ್ಟು, ತಳದವರೆಗೆ ನೆನೆದಿದೆಯೇ ನೋಡಿ, ಮತ್ತೊಮ್ಮೆ ಚಿಮುಕಿಸಿ. ಮಣ್ಣಿನ ಮಾಳಿಗೆಯಾದರೆ ನೀರು ಹೆಚ್ಚು ಹಾಕುವಂತಿಲ್ಲ. ಅಲ್ಲಿ ನೆನೆಸಿದ ಗೋಣಿಯನ್ನು ಹಿಕ್ಕೆಯ ಮೇಲೆ ಹಾಸಿ ತೇವ ಹಿಡಿಸಿ, ಸ್ವಲ್ಪ ಸ್ವಲ್ಪವೇ ತೆಗೆಯಿರಿ.

ನೆನೆದದ್ದನ್ನು ಸಲಿಕೆಯಿಂದ ಅಥವಾ ತಗಡಿನಿಂದ ಕೆರೆದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಮೇಲಿನಿಂದ ಕೆಳಕ್ಕೆ ಸುರಿಯಬೇಡಿ, ಹಗ್ಗದಿಂದ ಇಳಿಸಿ. ಕೆರೆಯುವಾಗ ಒಣಭಾಗ ಕಂಡರೆ ಕೈ ನಿಲ್ಲಿಸಿ ಮತ್ತೆ ನೆನೆಸಿ. ಎಲ್ಲ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಗೋಡೆಗೂ ತೊಲೆಗೂ ಸುಣ್ಣ ಬಳಿಯಿರಿ. ಈ ಬೂಜಿಗೆ ಕ್ಷಾರ ಆಗದು. ಪಾರಿವಾಳದ ಗೂಡುಗಳಿಗೆ ಸುಣ್ಣದ ನೀರು ಹೊಡೆದು ಕ್ರಿಪ್ಟೊಕಾಕಸ್ಸನ್ನು ಹತೋಟಿಗೆ ತರಬಹುದೆಂದು ೧೯೬೮ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದಾರೆ. ನಮ್ಮ ಹಿರಿಯರು ಹಬ್ಬಕ್ಕೆ ಸುಣ್ಣ ಬಳಿಯುತ್ತಿದ್ದುದು ಅಂದಕ್ಕೆ ಮಾತ್ರವಲ್ಲ, ಆರೋಗ್ಯಕ್ಕೂ ಒಳ್ಳೆಯದೇ. ಸುಣ್ಣ ಕಣ್ಣಿಗೆ ಸಿಡಿಯದಂತೆ ಮಾತ್ರ ಜೋಪಾನ.

ಕೆಲಸವಾದ ಮೇಲೆ ಬಟ್ಟೆಯನ್ನು ಹೊರಗೇ ಬಿಚ್ಚಿ, ಕೊಡವದೆ ಹಾಗೇ ಸೋಪಿನ ನೀರಿಗೆ ಅದ್ದಿ. ಮುಖಗವಸನ್ನು ಕೊನೆಯಲ್ಲಿ ತೆಗೆಯಿರಿ. ತಲೆಗೆ ನೀರು ಹಾಕಿಕೊಂಡು ಸ್ನಾನ ಮಾಡಿ ಒಳಗೆ ಬನ್ನಿ.

ಗೋಪುರ, ಹಳೆಯ ಛತ್ರ, ಪಾಳು ಉಗ್ರಾಣಗಳಲ್ಲಿ ಗಾಡಿಗಟ್ಟಲೆ ಹಿಕ್ಕೆ ಇದ್ದರೆ ಮನೆಯವರು ಕೈಹಾಕುವುದು ಬೇಡ. ಗ್ರಾಮ ಪಂಚಾಯಿತಿಗೆ ತಿಳಿಸಿ, ತಕ್ಕ ಸಲಕರಣೆ ಇರುವ ಕೆಲಸಗಾರರಿಂದ ಮಾಡಿಸುವುದು ಒಳಿತು. ಕೆಲಸಗಾರನಿಗೂ ಎದೆ ಒಂದೇ ಇರುವುದು. ಮುಖಗವಸು ಕೊಡದೆ ಅವನನ್ನು ಒಳಗೆ ಕಳಿಸುವುದು ಧರ್ಮವಲ್ಲ. ಪಾರಿವಾಳ ವಾಸಮಾಡುವ ಹಾಳುಬಾವಿಗೆ ಇಳಿಯುವುದಂತೂ ಬೇಡವೇ ಬೇಡ. ಅಲ್ಲಿ ಕೆಟ್ಟ ಗಾಳಿಯ ಅಪಾಯ ಬೇರೆ ಇದೆ.

ಹಿಕ್ಕೆಯನ್ನು ಗೊಬ್ಬರ ಮಾಡುವ ಬಗೆ

ತೆಗೆದ ಹಿಕ್ಕೆಯನ್ನು ಎಸೆಯುವುದೇ? ಬೇಡಿ. ಪಾರಿವಾಳದ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ದನದ ಸಗಣಿಗಿಂತ ಹೆಚ್ಚು. ಆದರೆ ಒಣಪುಡಿ ಮಾಡಿ ಕೈಯಿಂದ ಹೊಲಕ್ಕೆ ಎರಚಕೂಡದು. ಕಾಂಪೋಸ್ಟ್ ಗುಂಡಿಯಲ್ಲಿ ಒಂದು ಪದರ ಕಸಕಡ್ಡಿ, ಅದರ ಮೇಲೆ ಒದ್ದೆ ಹಿಕ್ಕೆ, ಅದರ ಮೇಲೆ ಸಗಣಿ ಬಗ್ಗಡ, ಮೇಲೆ ಮಣ್ಣು, ಹೀಗೆ ಹಾಕಿ ಮುಚ್ಚಿ. ಸರಿಯಾಗಿ ಕಳಿಯುವ ಗುಂಡಿಯ ಒಳಗೆ ೫೫ರಿಂದ ೬೦ ಡಿಗ್ರಿವರೆಗೆ ಬಿಸಿ ಏರುತ್ತದೆ. ನಾವು ಹೇಳಿದ ಬೂಜುಗಳಿಗೆ ಆ ಬಿಸಿ ತಡೆಯದು. ಒಮ್ಮೆ ತಿರುವಿ ಹಾಕಿದರೆ ಅಂಚಿನದೂ ಒಳಗೆ ಬಂದು ಕಳಿಯುತ್ತದೆ. ತಿರುವುವಾಗಲೂ ನೀರು ಚಿಮುಕಿಸಿಯೇ ತಿರುವಿ. ಗುಂಡಿಗೆ ಮಾತ್ರ ಸುಣ್ಣ ಹಾಕಬೇಡಿ. ಸುಣ್ಣ ಸೇರಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗಿಬಿಡುತ್ತದೆ, ಗೊಬ್ಬರದ ಸತ್ವ ಕೆಡುತ್ತದೆ. ಗೋಡೆಗೆ ಸುಣ್ಣ, ಗುಂಡಿಗೆ ಸಗಣಿ ಎಂದು ನೆನಪಿಡಿ.

ಕೋಳಿ ಸಾಕುವವರಿಗೂ ಈ ಮಾತು ಸಲ್ಲುತ್ತದೆ. ಕೋಳಿಗೂಡಿನ ಹಳೆಯ ಹಾಸನ್ನು ತೇವ ಮಾಡಿಯೇ ತೆಗೆಯಬೇಕು. ಬೂಷ್ಟು ಹಿಡಿದ ಹೊಟ್ಟನ್ನು ಮರಿಗಳಿಗೆ ಹಾಸಿದರೆ ಬೇರೊಂದು ಬೂಜಿನಿಂದ ಮರಿಗಳಿಗೇ ಎದೆರೋಗ ಬಂದು ಸಾಯುತ್ತವೆ. ಹಾಸು ಯಾವಾಗಲೂ ಹೊಸದೂ ಬೂಷ್ಟಿಲ್ಲದ್ದೂ ಆಗಿರಲಿ.

ಹಕ್ಕಿಯನ್ನು ಕೊಲ್ಲುವುದು ಬೇಡ

ಇದನ್ನೆಲ್ಲ ಕೇಳಿ ನಾಳೆಯೇ ಕವಣೆ ಹಿಡಿದು ಪಾರಿವಾಳದ ಬೆನ್ನು ಹತ್ತಬೇಡಿ. ವಿಷದ ಕಾಳು ಎರಚಬೇಡಿ. ಅದನ್ನು ನಿಮ್ಮ ಕೋಳಿಯೂ ತಿಂದೀತು, ಮಗುವೂ ಬಾಯಿಗೆ ಹಾಕೀತು. ಕೊಂದರೆ ಬೇರೆ ಪಾರಿವಾಳ ಅದೇ ಜಾಗಕ್ಕೆ ಬಂದು ಕೂರುತ್ತದೆ, ಹಳೆಯ ಹಿಕ್ಕೆಯೂ ಅಲ್ಲೇ ಉಳಿಯುತ್ತದೆ. ಮಾಡಬೇಕಾದದ್ದು ಕೂರುವ ಜಾಗವನ್ನು ತಪ್ಪಿಸುವುದು.

ಅಟ್ಟದ ಕಿಂಡಿಗೆ, ಸೂರಿನ ತೆರಪಿಗೆ ಎರಡಂಗುಲ ಕಣ್ಣಿನ ತಂತಿಬಲೆ ಹೊಡೆಯಿರಿ. ಪಾರಿವಾಳ ನುಗ್ಗಲಾರದು, ಗುಬ್ಬಚ್ಚಿ ನುಸುಳಿಕೊಂಡು ಬರುತ್ತದೆ, ಬರಲಿ ಪಾಪ. ಚಾಚಿದ ಕಟ್ಟೆಗಳ ಮೇಲೆ ೪೫ ಡಿಗ್ರಿಗೂ ಮೀರಿದ ಇಳಿಜಾರಾಗಿ ಹಲಗೆ ಕೂರಿಸಿದರೆ ಕಾಲು ನಿಲ್ಲದೆ ಹಾರಿಹೋಗುತ್ತದೆ. ಬಲೆ ಹೊಡೆಯುವ ಮೊದಲು ಗೂಡಿನಲ್ಲಿ ಮೊಟ್ಟೆ ಮರಿ ಇವೆಯೇ ನೋಡಿ. ಪಾರಿವಾಳದ ಮೊಟ್ಟೆ ಒಡೆಯಲು ಹದಿನೆಂಟು ದಿನದಷ್ಟು, ಮರಿ ಹಾರಲು ಇನ್ನೊಂದು ತಿಂಗಳಷ್ಟು ಬೇಕು. ಅಷ್ಟು ದಿನ ತಡೆದು, ಮರಿ ಹಾರಿಹೋದ ಮೇಲೆ ಮುಚ್ಚಿ. ಕಣದಲ್ಲಿ, ಅಂಗಳದಲ್ಲಿ ಕಾಳು ಚೆಲ್ಲದಂತೆ ನೋಡಿಕೊಳ್ಳಿ. ಕಣಜ, ನೀರಿನ ತೊಟ್ಟಿಗಳಿಗೆ ಮುಚ್ಚಳ ಇರಲಿ. ಪುಣ್ಯಕ್ಕೆಂದು ಹಕ್ಕಿಗೆ ಕಾಳು ಹಾಕುವವರು ಮನೆಯ ಬಾಗಿಲಲ್ಲಿ, ಆಸ್ಪತ್ರೆ ಶಾಲೆಗಳ ಬಳಿ ಹಾಕದೆ, ಬಿಸಿಲು ಬೀಳುವ ಬಯಲಿನಲ್ಲಿ ಒಂದೊಂದು ಹಿಡಿ ಹಾಕಲಿ.

ಮುಖ್ಯಾಂಶಗಳು

ಕೇಳಿದ್ದನ್ನು ಒಟ್ಟಾಗಿ ಹೇಳುವುದಾದರೆ:

೧. ರೋಗ ತರುವುದು ಹಾರುವ ಹಕ್ಕಿಯಲ್ಲ, ಅದರ ಹಳೆಯ ಹಿಕ್ಕೆಯಿಂದ ಏಳುವ ಬೂಜಿನ ಧೂಳು.

೨. ಬಿಸಿಲು ಮಳೆ ತಾಗದ ಅಟ್ಟದ ಒಣಹಿಕ್ಕೆಯಲ್ಲಿ ಅಪಾಯ ಹೆಚ್ಚು. ಹಕ್ಕಿ ತಂಗಿದ ಜಾಗದ ಹಳೆಯ ಮಣ್ಣನ್ನೂ ಒಣಗಿದ್ದಾಗ ಕೆದಕಬೇಡಿ.

೩. ನೆನೆಸಿ ತೆಗೆಯಿರಿ, ಎನ್-೯೫ ಮುಖಗವಸು ಹಾಕಿ, ಕೊನೆಗೆ ಸುಣ್ಣ ಬಳಿಯಿರಿ.

೪. ಮಕ್ಕಳು, ಮುದುಕರು, ಮೈಯ ಕಾವಲು ಕುಗ್ಗಿದವರು ಆ ಹತ್ತಿರ ಸುಳಿಯಬಾರದು.

೫. ವಾರಗಟ್ಟಲೆ ಬಿಡದ ತಲೆನೋವು, ಜ್ವರ, ವಾಂತಿ ಇದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ, ಹಿಕ್ಕೆಯ ವಿಷಯವನ್ನು ಹೇಳಿ.

೬. ಹಿಕ್ಕೆ ಒಳ್ಳೆಯ ಗೊಬ್ಬರ. ಗುಂಡಿಯಲ್ಲಿ ಕಳಿತ ಮೇಲೆಯೇ ಹೊಲಕ್ಕೆ ಹಾಕಿ.

ಒಂದು ಬಕೀಟು ನೀರು, ಅರ್ಧ ಗಂಟೆಯ ತಾಳ್ಮೆ, ಇಷ್ಟರಿಂದ ತಪ್ಪಿಸಬಹುದಾದ ರೋಗ ಇದು. ಈ ಮಾತನ್ನು ನೆರೆಹೊರೆಯವರಿಗೂ ತಿಳಿಸಿ.